ಅಪ್ಪನ ಪ್ರವೇಶ ಪರೀಕ್ಷೆ

ನಲವತ್ತು ದಾಟಿದ ಮೇಲೆ ಪ್ಯೋ ತೇಸಿಕ್‌ಗೆ ಮತ್ತೊಂದು ಪ್ರವೇಶ ಪರೀಕ್ಷೆ ಗಂಟುಬಿತ್ತು. ಸೋಮವಾರ ಸಂಜೆ ಊಟಕ್ಕೆ ಕೂತಾಗ ಹೆಂಡತಿ ಮಿರಾನ್ ಸುದ್ದಿ ಹೇಳಿದಳು. ಶನಿವಾರ ಮಧ್ಯಾಹ್ನ ಗ್ಯೂಮಿನ್ ಅಮ್ಮನ ಮನೆಗೆ ಹೋಗಬೇಕು. ಆಕೆ ತೇಸಿಕ್‌ನನ್ನು ಎದುರಿಗೆ ಕೂರಿಸಿಕೊಂಡು ಮಗಳ ಬಗ್ಗೆ ಪ್ರಶ್ನೆ ಕೇಳುತ್ತಾಳೆ. ಅವನಿಗೆ ಒಂದಕ್ಕೂ ಉತ್ತರ ಗೊತ್ತಿರಬಾರದು. ಗೊತ್ತಿಲ್ಲದಿದ್ದರೆ ಪಾಸು, ಗೊತ್ತಿದ್ದರೆ ನಪಾಸು.

ಕೇಳಿದವರಿಗೆ ಇದು ಹುಚ್ಚಾಟ ಅನ್ನಿಸಬಹುದು. ಸೋಲ್ ನಗರದ ದೇಚಿ ಬಡಾವಣೆಯಲ್ಲಿ ಮಾತ್ರ ಇಂಥ ವಿಷಯಕ್ಕೆ ಯಾರೂ ನಗುವುದಿಲ್ಲ. ತೇಸಿಕ್‌ನ ಮಗಳು ದಾಯಿನ್‌ಗೆ ಆರು ವರ್ಷ. ಅವಳು ಮುಂದೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆ ಓದಬೇಕೆಂದು ಮನೆಯಲ್ಲಿ ಯಾವಾಗಲೋ ತೀರ್ಮಾನವಾಗಿತ್ತು. ಅಲ್ಲಿಗೆ ಹೋಗಬೇಕಾದರೆ ಹೆಸರುವಾಸಿ ಗಣಿತದ ಕೋಚಿಂಗ್ ಸೇರಿರಬೇಕು. ಆ ಕೋಚಿಂಗ್‌ಗೆ ಸೇರಲು ಒಂದು ಪರೀಕ್ಷೆಯಿದೆ. ಆ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಲು ಬೇರೆ ಸಣ್ಣ ಕೋಚಿಂಗ್‌ಗಳಿವೆ, ಜನ ಅವನ್ನು ಮರಿ ಕೋಚಿಂಗ್ ಎಂದು ಕರೆಯುತ್ತಾರೆ. ಮರಿಗೂ ಪರೀಕ್ಷೆ ಇಲ್ಲದಿಲ್ಲ. ಕಳೆದ ವಸಂತದಲ್ಲಿ ದಾಯಿನ್ ಆ ಮರಿಯ ಪರೀಕ್ಷೆಯಲ್ಲೇ ಜಾರಿದ್ದಳು. ಅವತ್ತಿನಿಂದ ಮಿರಾನ್‌ಗೆ ಅನ್ನ ರುಚಿಸುತ್ತಿರಲಿಲ್ಲ. ಆರು ವರ್ಷಕ್ಕೇ ಮಗಳ ಬಾಳು ಮುಗಿಯಿತು ಎಂಬಂತೆ ಓಡಾಡುತ್ತಿದ್ದಳು.

ಈಗ ಉಳಿದದ್ದು ಒಂದೇ ಕಿಂಡಿ, ಗ್ಯೂಮಿನ್ ಅಮ್ಮ ಕಟ್ಟಿದ ಟೀಮು. ಈಕೆಯ ಸ್ವಂತ ಹೆಸರು ಯಾರಿಗೂ ಗೊತ್ತಿರಲಿಲ್ಲ, ಆಕೆಯೇ ಮರೆತಿದ್ದರೂ ಆಶ್ಚರ್ಯವಿಲ್ಲ. ಮಗ ಗ್ಯೂಮಿನ್ ಹುಟ್ಟಿದಾಗಿನಿಂದ ಆಕೆ ಗ್ಯೂಮಿನ್ ಅಮ್ಮ. ಯಾವ ಮೇಷ್ಟ್ರು ಯಾವ ಕೋಚಿಂಗ್ ಬಿಟ್ಟರು, ಯಾರು ಮನೆಗೆ ಬಂದು ಹೇಳಿಕೊಡುತ್ತಾರೆ, ಯಾರಿಗೆ ಯಾವ ಸಿಹಿ ಕಳಿಸಿದರೆ ಮನಸ್ಸು ಕರಗುತ್ತದೆ ಎಂಬುದೆಲ್ಲ ಆಕೆಯ ನಾಲಿಗೆಯ ತುದಿಯಲ್ಲಿತ್ತು. ಬೆರಳೆಣಿಕೆಯಷ್ಟು ಮಕ್ಕಳನ್ನು ಆರಿಸಿ, ಮಹಾ ಬಿಂಕದ ಒಬ್ಬ ಗಣಿತದ ಮೇಷ್ಟ್ರನ್ನು ಅವರಿಗಾಗಿಯೇ ಗೊತ್ತುಮಾಡಿದ್ದಳು. ಆ ಟೀಮಿನಲ್ಲಿ ಒಂದು ಜಾಗ ಖಾಲಿಯಾಗಿತ್ತು.

ಜಾಗ ಖಾಲಿಯಾದದ್ದು ಒಬ್ಬ ಅಪ್ಪನಿಂದ. ಅವರು ಕಾಲೇಜಿನಲ್ಲಿ ಪಾಠ ಹೇಳುವವರು. ಒಂದು ದಿನ ಮಗನ ಲೆಕ್ಕದ ಪುಟ ತಿರುವಿ ಹಾಕಿ, ಇದನ್ನು ಹೀಗೆ ಮಾಡಿದರೆ ಇನ್ನೂ ಸುಲಭವಲ್ಲವೇ ಎಂದು ಮೇಷ್ಟ್ರನ್ನೇ ಕೇಳಿಬಿಟ್ಟರು. ಮೇಷ್ಟ್ರು ಚೀಲ ಹೆಗಲಿಗೇರಿಸಿ ಹೊರಟೇಹೋದರು. ಅವರನ್ನು ವಾಪಸು ಕರೆತರುವಷ್ಟರಲ್ಲಿ ಗ್ಯೂಮಿನ್ ಅಮ್ಮನಿಗೆ ಸಾಕುಸಾಕಾಯಿತು. ಮಗು ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಬೇಕಾದರೆ ಅಜ್ಜನ ಹಣ ಬೇಕು, ಅಮ್ಮನ ಬಳಿ ಸುದ್ದಿ ಬೇಕು, ಅಪ್ಪನಿಗೆ ಮಾತ್ರ ಏನೂ ಗೊತ್ತಿರಬಾರದು ಎಂದು ದೇಚಿಯವರು ತಮಾಷೆಗೆ ಹೇಳಿಕೊಳ್ಳುವುದಿತ್ತು. ಗ್ಯೂಮಿನ್ ಅಮ್ಮ ಅದನ್ನು ತಮಾಷೆಯಾಗಿ ಉಳಿಸಲಿಲ್ಲ, ನಿಯಮ ಮಾಡಿಬಿಟ್ಟಳು. ಅಂದಿನಿಂದ ಅವಳು ಮಕ್ಕಳಿಗಿಂತ ಮೊದಲು ಅಪ್ಪಂದಿರನ್ನು ಪರೀಕ್ಷಿಸುತ್ತಿದ್ದಳು.

ಅಜ್ಜನ ಹಣಕ್ಕೆ ಇವರಲ್ಲಿ ಕೊರತೆಯಿರಲಿಲ್ಲ, ಮಿರಾನ್‌ಳ ಅಪ್ಪನಿಗೆ ಗುನ್ಸಾನಿನಲ್ಲಿ ಒಣಮೀನಿನ ಮಂಡಿಯಿತ್ತು. ಸುದ್ದಿ ಸಂಗ್ರಹಿಸುವುದರಲ್ಲಿ ಮಿರಾನ್‌ದು ಎತ್ತಿದ ಕೈ. ಕೆಟ್ಟದ್ದೆಲ್ಲ ತೇಸಿಕ್‌ನಿಂದಲೇ. ಮಗಳ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದೇ ಇರಲಿಲ್ಲ.

ಲಿಫ್ಟಿನ ಬಾಗಿಲು ತಯಾರಿಸುವ ಕಂಪನಿಯಲ್ಲಿ ಅವನಿಗೆ ಕೆಲಸ. ಅಲ್ಲಿ ಹೇಳಿದ್ದನ್ನು ಮಧ್ಯಾಹ್ನದೊಳಗೆ ಮರೆಯುತ್ತಾನೆಂದು ಮೇಲಿನವರು ಬೈಯುತ್ತಿದ್ದರು. ಮಗಳದ್ದು ಮಾತ್ರ ಒಂದೂ ಮರೆಯುತ್ತಿರಲಿಲ್ಲ. ಮೊಟ್ಟೆಯ ಹಳದಿಯನ್ನು ಅನ್ನದಲ್ಲಿ ಪುಡಿ ಮಾಡಿ ಬೆರೆಸಿದರೆ ತಿನ್ನುತ್ತಾಳೆ, ಇಡಿಯಾಗಿ ಕಂಡರೆ ಮುಟ್ಟುವುದಿಲ್ಲ. ಅಂಗಡಿಯ ಶೌಚಾಲಯದಲ್ಲಿ ಕೈ ಒಣಗಿಸುವ ಮೆಷಿನ್ ಭರ್ರೆಂದರೆ ಹೆದರುತ್ತಾಳೆ, ಹೆದರಿದ್ದನ್ನು ಮುಚ್ಚಿಡಲು ಹಾಡು ಹೇಳುತ್ತಾಳೆ. ಶಿಶುವಿಹಾರದ ಗೆಳತಿ ಹೆಯುಲ್ ಊರು ಬಿಟ್ಟು ಹೋದಾಗ ಕೊಟ್ಟ ಗುಂಡಿಯೊಂದು ಅವಳ ಕೋಟಿನ ಎಡಜೇಬಿನಲ್ಲಿದೆ, ಒಗೆಯುವ ಮುಂಚೆ ತೆಗೆದಿಟ್ಟು ಆಮೇಲೆ ಅಲ್ಲೇ ಹಾಕಬೇಕು. ಇದನ್ನೆಲ್ಲ ಅವನು ಓದಿ ತಿಳಿದದ್ದಲ್ಲ. ಮಗಳ ಜೊತೆಗೆ ಇದ್ದಿದ್ದಕ್ಕೆ ತಾನಾಗಿ ತಿಳಿದದ್ದು.

ಇಂಥವನನ್ನು ಶನಿವಾರದೊಳಗೆ ಏನೂ ಗೊತ್ತಿಲ್ಲದ ಅಪ್ಪನನ್ನಾಗಿ ಮಾಡಬೇಕಿತ್ತು. ಮಿರಾನ್ ಸೊಂಟಕ್ಕೆ ಸೆರಗು ಕಟ್ಟುವಂಥ ಹೆಂಗಸಲ್ಲ, ಸೆರಗೂ ಇರಲಿಲ್ಲ. ಆದರೆ ಕೂದಲನ್ನು ಮೇಲಕ್ಕೆತ್ತಿ ಕ್ಲಿಪ್ಪು ಹಾಕಿದಳೆಂದರೆ ಮನೆಯವರೆಲ್ಲ ನೆಟ್ಟಗೆ ಕೂರುತ್ತಿದ್ದರು. ಮಂಗಳವಾರ ಸಂಜೆಯೇ ಊಟದ ಮೇಜಿನ ಮೇಲೆ ಅಣಕು ಪರೀಕ್ಷೆ ಶುರುವಾಯಿತು. ದಾಯಿನ್ ಮೇಜಿನ ಕೆಳಗೆ ಕಾಲು ಚಾಚಿ ಚಿತ್ರ ಬರೆಯುತ್ತಿದ್ದಳು.

“ನಿಮ್ಮ ಮಗಳಿಗೆ ಯಾವ ಬಣ್ಣ ಇಷ್ಟ?” ಎಂದು ಮಿರಾನ್ ಗ್ಯೂಮಿನ್ ಅಮ್ಮನ ಧ್ವನಿ ತೆಗೆದು ಕೇಳಿದಳು.

“ಹಳದಿ. ಹಳದಿ ಅಂದ್ರೆ ಎಲ್ಲಾ ಹಳದಿನೂ ಅಲ್ಲ. ಬಾಳೆಹಣ್ಣಿನ ಸಿಪ್ಪೆ ಇರತ್ತಲ್ಲ, ಚುಕ್ಕೆ ಬೀಳೋಕ್ ಮುಂಚೆ...”

ಮಿರಾನ್ ಹಣೆ ಹಿಡಿದುಕೊಂಡಳು. ಅವನಿಗೂ ತಪ್ಪು ಗೊತ್ತಾಗಿ ನಾಲಿಗೆ ಕಚ್ಚಿಕೊಂಡ. ಮೇಜಿನ ಕೆಳಗಿನಿಂದ ಸಣ್ಣ ಧ್ವನಿಯೊಂದು ಬಂತು.

“ಅಪ್ಪಾ, ಗೊತ್ತಿಲ್ಲ ಅನ್ನು. ಅದೇ ಸರಿ ಉತ್ತರ.”

ಆ ಮನೆಯಲ್ಲಿ ಪರೀಕ್ಷೆಗಳ ಅನುಭವ ಇದ್ದದ್ದು ದಾಯಿನ್‌ಗೇ ಹೆಚ್ಚು. ಅವಳು ಹೊರಗೆ ಬಂದು ಅಪ್ಪನ ಮಂಡಿಯ ಮೇಲೆ ಕೈಯೂರಿ ಹಿತವಚನ ಹೇಳಿದಳು. ಪ್ರಶ್ನೆ ಕೇಳಿದ ತಕ್ಷಣ ಉತ್ತರ ಹೇಳಬಾರದಂತೆ, ಮೊದಲು ಉಸಿರು ಬಿಡಬೇಕಂತೆ. ಕೇಳುವವರ ಮುಖ ನೋಡಬಾರದಂತೆ, ಅವರ ಕುತ್ತಿಗೆ ನೋಡಿದರೆ ಹೆದರಿಕೆಯಾಗುವುದಿಲ್ಲವಂತೆ. ಪಕ್ಕದವರು ಬೇಗ ಮುಗಿಸಿದರೆ ತಲೆ ಕೆಡಿಸಿಕೊಳ್ಳಬಾರದಂತೆ. ತೇಸಿಕ್ ಎಲ್ಲಕ್ಕೂ ಹೂಂ ಹೂಂ ಎಂದ. ಇಷ್ಟೆಲ್ಲ ಇವಳಿಗೆ ಯಾರು ಹೇಳಿಕೊಟ್ಟರು ಎಂದು ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಿರಾನ್ ಮುಂದಿನ ಪ್ರಶ್ನೆ ಎಸೆದಳು, ಅದಕ್ಕೂ ಅವನು ಸರಿಯಾದ ಉತ್ತರವನ್ನೇ ಹೇಳಿ ನಪಾಸಾದ.

ಬುಧವಾರವೂ ಅದೇ ಕಥೆ. ಗುರುವಾರ ಅವನು ಗೊತ್ತಿಲ್ಲ ಎಂದು ಬಾಯಲ್ಲಿ ಹೇಳುವುದನ್ನು ಕಲಿತ, ಆದರೆ ಹೇಳುವಾಗ ಮುಖದ ತುಂಬ ನಗು ಹರಡುತ್ತಿತ್ತು. ಮಿರಾನ್‌ಗೆ ಅಳುವುದೋ ಹೊಡೆಯುವುದೋ ತಿಳಿಯಲಿಲ್ಲ.

“ಒಂದು ಸುಳ್ಳನ್ನ ನೆಟ್ಟಗೆ ಹೇಳೋಕ್ ಬರಲ್ವಲ್ರೀ ನಿಮಗೆ,” ಎಂದಳು. “ಮದುವೆ ಟೈಮಲ್ಲಿ ಇದನ್ನೇ ನೋಡಿ ಒಪ್ಕೊಂಡೆ. ಈಗ ಇದೇ ಕುತ್ತಿಗೆಗೆ ಬಂತು.”

ಕೊನೆಗೆ ಅವಳೇ ಉಪಾಯ ಹುಡುಕಿದಳು. ಮಕ್ಕಳಿಗೆ ಮರಿ ಕೋಚಿಂಗ್ ಇರುವಾಗ ಅಪ್ಪನಿಗೆ ಯಾಕಿರಬಾರದು? ಅವರ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಜಾಂಗ್ ಎಂಬ ಹಿರಿಯರಿದ್ದರು. ಅವರ ಇಬ್ಬರು ಗಂಡುಮಕ್ಕಳೂ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿದವರು. ಮಕ್ಕಳು ಓದಿದಷ್ಟು ಕಾಲವೂ ಜಾಂಗ್ ಮನೆಯ ಕಡೆ ತಲೆ ಹಾಕಲಿಲ್ಲವೆಂದು ಬಡಾವಣೆಯಲ್ಲೆಲ್ಲ ಖ್ಯಾತಿ. ಅಂಥ ಅಪ್ಪ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಹೆಂಗಸರು ಇವತ್ತಿಗೂ ಆಡಿಕೊಳ್ಳುತ್ತಿದ್ದರು. ಶುಕ್ರವಾರ ಸಂಜೆ ಮಿರಾನ್ ಗಂಡನನ್ನು ಹಂದಿಮಾಂಸ ಸುಡುವ ಹೋಟೆಲಿಗೆ ಅವರ ಜೊತೆ ದಬ್ಬಿದಳು.

ಜಾಂಗ್ ಅಣ್ಣ ಕೆಂಡದ ಮೇಲಿನ ಮಾಂಸವನ್ನು ಕತ್ತರಿಯಿಂದ ಕತ್ತರಿಸುತ್ತ, ತಮ್ಮ ವಿದ್ಯೆಯನ್ನು ಕೇಳಲು ಕೊನೆಗೂ ಒಬ್ಬ ಬಂದನಲ್ಲ ಎಂದು ಹಿಗ್ಗಿದರು.

“ನೋಡಯ್ಯಾ, ಗೊತ್ತಿಲ್ಲ ಅಂತ ನಾಟಕ ಆಡಿದ್ರೆ ಹೆಂಗಸ್ರು ಹಿಡಿದುಬಿಡ್ತಾರೆ. ನಾಟಕ ಆಡ್ಬೇಡ. ಮಗು ಹೆಸ್ರು ಕಿವಿಗೆ ಬಿದ್ದ ತಕ್ಷಣ ಬೇಸ್‌ಬಾಲ್ ಯೋಚನೆ ಮಾಡು. ನಿನ್ನೆ ಯಾರು ಗೆದ್ರು, ನಾಳೆ ಚೆಂಡು ಎಸೆಯೋನು ಯಾರು. ಮುಖ ತಾನೇ ಖಾಲಿ ಆಗತ್ತೆ.”

“ಅಷ್ಟೇನಾ ಅಣ್ಣಾ?”

“ಅಷ್ಟೇ. ಮೊದಮೊದಲು ಕಷ್ಟ. ಆಮೇಲೆ ಅಭ್ಯಾಸ ಆಗತ್ತೆ. ಆಮೇಲೆ ಬೇಡ ಅಂದ್ರೂ ಬಿಡಲ್ಲ.”

ಮಕ್ಕಳಿಬ್ಬರೂ ಈಗ ಏನು ಮಾಡುತ್ತಿದ್ದಾರೆ ಎಂದು ತೇಸಿಕ್ ಮಾತಿಗೆ ಕೇಳಿದ. ಜಾಂಗ್ ಅಣ್ಣ ಒಬ್ಬ ಕಣ್ಣಿನ ಡಾಕ್ಟರು, ಇನ್ನೊಬ್ಬ ಚರ್ಮದ ಡಾಕ್ಟರು ಎಂದರು, ಸ್ವಲ್ಪ ತಡೆದು ಅದು ತಿರುವುಮುರುವೂ ಇರಬಹುದು ಎಂದರು. ತಮ್ಮ ಮಾತಿಗೆ ತಾವೇ ಜೋರಾಗಿ ನಕ್ಕರು. ಹಬ್ಬಕ್ಕೆ ಬರುತ್ತಾರಂತೆ, ಒಳ್ಳೆಯ ಮಕ್ಕಳಂತೆ, ಬಂದಾಗ ಮಾತಾಡಲು ವಿಷಯ ಸಿಗುವುದಿಲ್ಲವಂತೆ. ಮಾಂಸ ಸೀಯಲು ಶುರುವಾದದ್ದನ್ನು ಇಬ್ಬರೂ ತಡವಾಗಿ ನೋಡಿದರು.

ಶನಿವಾರ ಮಧ್ಯಾಹ್ನ ಮೂವರೂ ಹೊರಟರು. ನವೆಂಬರಿನ ಗಾಳಿ ಮೂಗು ಕೊಯ್ಯುತ್ತಿತ್ತು. ಲಿಫ್ಟಿನಲ್ಲಿ ದಾಯಿನ್ ಅಪ್ಪನ ಕೈ ಬಿಡಿಸಿಕೊಂಡು ದೂರ ಸರಿದು ನಿಂತಳು.

“ಅಪ್ಪಾ, ಅಲ್ಲಿ ನನ್ನ ಕಡೆ ನೋಡ್ಬೇಡ. ನೋಡಿದ್ರೆ ನಿನಗೆ ನಗು ಬರತ್ತೆ,” ಎಂದು ಎಚ್ಚರಿಸಿದಳು. ತೇಸಿಕ್‌ಗೆ ಆಗಲೇ ನಗು ಬಂತು. ಮಿರಾನ್ ಅವನ ತೋಳು ಚಿವುಟಿದಳು.

ಗ್ಯೂಮಿನ್ ಅಮ್ಮನ ಮನೆ ಹತ್ತೊಂಬತ್ತನೆಯ ಅಂತಸ್ತಿನಲ್ಲಿತ್ತು. ಒಂದು ಕೂದಲೂ ಅಲ್ಲಾಡದ ಹಾಗೆ ತಲೆ ಬಾಚಿದ್ದ, ಮೆಲ್ಲಗೆ ಮಾತಾಡುವ ಹೆಂಗಸು. ಮೆಲ್ಲಗೆ ಮಾತಾಡುವವರನ್ನು ಕಂಡರೆ ತೇಸಿಕ್‌ಗೆ ಇನ್ನೂ ದಿಗಿಲು. ಆಕೆ ದಾಯಿನ್‌ಳನ್ನು ಒಳಕೋಣೆಗೆ ಕಳಿಸಿದಳು. ಅಲ್ಲಿ ಗ್ಯೂಮಿನ್ ಶನಿವಾರದ ಲೆಕ್ಕ ಮಾಡುತ್ತಿದ್ದ, ಅವಳೂ ಜೊತೆಗೆ ಕೂತು ಮಾಡಲಿ ಎಂದಳು. ಕೋಣೆಯ ಬಾಗಿಲು ಮುಚ್ಚಿತು. ದೊಡ್ಡವರ ಮುಂದೆ ಬಾರ್ಲಿ ಚಹಾ ಬಂತು, ಒಂದೇ ಅಳತೆಗೆ ಕತ್ತರಿಸಿದ ಪೇರ್ ಹಣ್ಣಿನ ಹೋಳುಗಳು ಬಂದವು.

ಹವಾಮಾನದ ಬಗ್ಗೆ ಎರಡು ಮಾತಾಡಿ ಆಕೆ ನೇರ ವಿಷಯಕ್ಕಿಳಿದಳು. ದಾಯಿನ್ ಶಿಶುವಿಹಾರದಲ್ಲಿ ಯಾವ ತರಗತಿ ಎಂದು ಕೇಳಿದಳು. ಸೂರ್ಯಕಾಂತಿ ತರಗತಿ ಎಂಬುದು ತೇಸಿಕ್‌ನ ಗಂಟಲವರೆಗೆ ಬಂತು. ಅವನು ಉಸಿರು ಬಿಟ್ಟ, ಆಕೆಯ ಕುತ್ತಿಗೆ ನೋಡಿದ, ನಿನ್ನೆಯ ಬೇಸ್‌ಬಾಲ್ ಪಂದ್ಯ ನೆನೆಸಿಕೊಂಡ. ನವೆಂಬರಿನಲ್ಲಿ ಪಂದ್ಯಗಳೇ ಇಲ್ಲವೆಂಬುದು ಆಗ ಹೊಳೆದು ಅವನ ಮುಖ ನಿಜವಾಗಿಯೂ ಖಾಲಿಯಾಯಿತು.

“ಯಾವ್ದೋ ಹೂವಿನ ಹೆಸರಿದೆ,” ಎಂದ.

ಮಿರಾನ್ ಮೇಜಿನ ಕೆಳಗೆ ಅವನ ಕಾಲನ್ನು ಮೆಚ್ಚುಗೆಯಿಂದ ಒತ್ತಿದಳು. ಮಗಳ ವಯಸ್ಸೆಷ್ಟು ಎಂಬ ಪ್ರಶ್ನೆಗೆ ಅವನು ಇನ್ನೂ ಮೇಲೇರಿದ. ಆರೋ ಏಳೋ ಇರಬೇಕು, ಹುಟ್ಟಿದ ಕೂಸಿಗೇ ಒಂದು ವರ್ಷ ಎಣಿಸುವ ಹಳೆಯ ಲೆಕ್ಕವನ್ನು ಸರ್ಕಾರ ಬದಲಾಯಿಸಿದ ಮೇಲೆ ತನ್ನದೇ ತನಗೆ ಗೊತ್ತಿಲ್ಲ ಎಂದ. ಗ್ಯೂಮಿನ್ ಅಮ್ಮನ ತುಟಿಯ ಕೊನೆ ಸ್ವಲ್ಪ ಸಡಿಲವಾಯಿತು. ಮಗಳು ಯಾವ ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂದು ನಿಮ್ಮ ಆಸೆ ಎಂದು ಕೇಳಿದಾಗ, ಅದೆಲ್ಲ ಮಿರಾನ್ ನೋಡಿಕೊಳ್ಳುತ್ತಾಳೆ, ಹತ್ತಿರದಲ್ಲಿದ್ದರೆ ಪಾರ್ಕಿಂಗಿಗೆ ಅನುಕೂಲ ಎಂದ. ಆ ಉತ್ತರ ಜಾಂಗ್ ಅಣ್ಣನಿಗೂ ಹೊಳೆಯುತ್ತಿರಲಿಲ್ಲ. ಸೀಟು ಹೆಚ್ಚುಕಡಿಮೆ ಕೈಗೆ ಬಂದಿತ್ತು. ಮಿರಾನ್‌ಳ ಕೆನ್ನೆಗೆ ಎಷ್ಟೋ ತಿಂಗಳ ಮೇಲೆ ಬಣ್ಣ ಬಂದದ್ದನ್ನು ಅವನು ಓರೆಗಣ್ಣಿನಲ್ಲಿ ನೋಡಿ, ಇವಳಿಗೋಸ್ಕರವಾದರೂ ಇದಾಗಲಿ ಎಂದುಕೊಂಡ.

ಅದೇ ಹೊತ್ತಿಗೆ ಒಳಕೋಣೆಯಿಂದ ಮಗು ಅಳುವ ಸದ್ದು ಕೇಳಿಸಿತು.

ಸಣ್ಣಗೆ ಕುಯ್‌ಗುಟ್ಟುವ ಅಳುವಲ್ಲ. ಒಮ್ಮೆಲೇ ಮೇಲೇರಿ, ಉಸಿರು ಸಿಕ್ಕಿಹಾಕಿಕೊಂಡು, ಮತ್ತೆ ಮೇಲೇರುವ ಅಳು. ಬಾಗಿಲು ಮುಚ್ಚಿದ್ದರಿಂದ ಯಾರದೆಂದು ಹೇಳುವಂತಿರಲಿಲ್ಲ. ಮಿರಾನ್ ಜೀವ ಬಾಯಿಗೆ ಬಂದವಳಂತೆ ಅರ್ಧ ಎದ್ದಳು. ಗ್ಯೂಮಿನ್ ಅಮ್ಮ ಥಟ್ಟನೆ ಅವಳ ಮುಂಗೈ ಹಿಡಿದಳು.

“ಕೂತ್ಕೊಳ್ಳಿ,” ಎಂದು ಪಿಸುಗುಟ್ಟಿದಳು. “ಏನೂ ಆಗಿರಲ್ಲ. ಅಪ್ಪ ಏನ್ ಮಾಡ್ತಾರೆ ನೋಡೋಣ.”

ಇಬ್ಬರು ಹೆಂಗಸರ ಕಣ್ಣೂ ತೇಸಿಕ್‌ನ ಮೇಲೆ ನೆಟ್ಟವು. ತೇಸಿಕ್ ಕೈ ಚಾಚಿ ಪೇರ್ ಹಣ್ಣಿನ ಹೋಳೊಂದನ್ನು ತೆಗೆದುಕೊಂಡು ಬಾಯಿಗಿಟ್ಟ.

ಕಟುಕ ಎನ್ನಬೇಡಿ. ಅದು ದಾಯಿನ್‌ಳ ಅಳುವಲ್ಲ ಎಂದು ಅವನಿಗೆ ಮೊದಲ ಸದ್ದಿಗೇ ಗೊತ್ತಾಗಿತ್ತು. ಆ ಮನೆಯಲ್ಲಿ ಇದ್ದ ಮಕ್ಕಳೇ ಇಬ್ಬರು, ಆದ್ದರಿಂದ ಅಳುತ್ತಿದ್ದವನು ಗ್ಯೂಮಿನ್. ಅವನ ಹೆತ್ತ ತಾಯಿ ಎರಡು ಮಾರು ದೂರದಲ್ಲಿ, ಬೇರೆಯವರ ಮಗು ಅಳುತ್ತಿದೆ ಎಂಬ ನೆಮ್ಮದಿಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಳು.

ತೇಸಿಕ್ ಹಣ್ಣು ಅಗಿಯುತ್ತ ಲೆಕ್ಕ ಹಾಕಿದ. ಅಮ್ಮಾ ತಾಯಿ, ಅದು ನಿಮ್ಮ ಮಗ ಎಂದು ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ಮರುಪ್ರಶ್ನೆ ಬರುತ್ತದೆ. ಮಗಳ ಅಳು ಗೊತ್ತು ಎನ್ನಬೇಕಾಗುತ್ತದೆ. ಹೂವಿನ ಹೆಸರು, ಪಾರ್ಕಿಂಗು, ವಾರವಿಡೀ ಕಲಿತದ್ದೆಲ್ಲ ನೀರಿನಲ್ಲಿ ಮಾಡಿದ ಹೋಮವಾಗುತ್ತದೆ. ಮಿರಾನ್ ಮತ್ತೆ ಊಟ ಬಿಡುತ್ತಾಳೆ. ಸುಮ್ಮನಿದ್ದರೆ ಸೀಟು ಖಂಡಿತ. ಸುಮ್ಮನಿರುವುದೊಂದೇ ಅವನ ಕೆಲಸ. ಒಳಗಿನ ಹುಡುಗ ಮಾತ್ರ ಯಾರೋ ಬರುತ್ತಾರೆಂಬ ನಂಬಿಕೆಯಲ್ಲಿ ಅಳುತ್ತಲೇ ಇದ್ದ. ಗ್ಯೂಮಿನ್ ಅಮ್ಮನ ಮುಖದಲ್ಲಿ ಮೆಚ್ಚುಗೆ ಏರುತ್ತ ಹೋಯಿತು. ಆ ಮೆಚ್ಚುಗೆ ಏರಿದಷ್ಟೂ ತೇಸಿಕ್‌ಗೆ ತನ್ನ ಮೇಲೆ ಅಸಹ್ಯ ಹೆಚ್ಚಾಯಿತು.

ಅವನು ಇನ್ನೊಂದು ಹೋಳಿಗೆ ಕೈ ಚಾಚಿದವನು ಹಾಗೇ ಎದ್ದು ನಿಂತ.

“ಟಾಯ್ಲೆಟ್ ಯಾವ ಕಡೆ?” ಎಂದು ಆಕಳಿಸುತ್ತ ಕೇಳಿದ.

ಎಡಕ್ಕೆ ಎಂದು ಗ್ಯೂಮಿನ್ ಅಮ್ಮ ಹೇಳಿದಳು. ಅವನು ನಿಧಾನವಾಗಿ ಮನೆಯೊಳಗಿನ ಚಪ್ಪಲಿ ಎಳೆಯುತ್ತ ಹೋಗಿ, ಎಡಬಲ ತಿಳಿಯದವನಂತೆ ಬಲಕ್ಕೆ ತಿರುಗಿ ಒಳಕೋಣೆಯ ಬಾಗಿಲು ತೆಗೆದು, ಒಳಗೆ ಹೋಗಿ ಮುಚ್ಚಿಕೊಂಡ.

ಗ್ಯೂಮಿನ್ ಕುರ್ಚಿಯ ಮೇಲೆ ಕೂತಿದ್ದ. ತುಟಿಯ ಮೇಲೆ ರಕ್ತ, ಲೆಕ್ಕದ ಹಾಳೆಯ ಮೇಲೆ ಎರಡು ಕೆಂಪು ಹನಿ, ಅಂಗೈಯಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗೆ ಒಂದು ಹಲ್ಲು. ಮೊದಲ ಹಾಲುಹಲ್ಲು. ಹಲ್ಲು ಬೀಳುತ್ತದೆಂದು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ, ತಾನು ಮುರಿದುಹೋದೆ ಎಂದುಕೊಂಡಿದ್ದ. ದಾಯಿನ್ ಪಕ್ಕದಲ್ಲಿ ನಿಂತು ಅವನ ಬೆನ್ನು ಸವರುತ್ತಿದ್ದಳು.

“ಹಲ್ಲು ಅಷ್ಟೇ ಕಣೋ,” ಎನ್ನುತ್ತಿದ್ದಳು. “ತಪ್ಪು ಉತ್ತರ ಅಲ್ಲ. ಇದಕ್ಕೆ ಮಾರ್ಕ್ಸ್ ಕಳೆಯಲ್ಲ.”

ಅಪ್ಪನನ್ನು ಕಂಡದ್ದೇ ಅವಳು ಮಾತು ನಿಲ್ಲಿಸಿ ಗೋಡೆಯ ಕಡೆ ಮುಖ ತಿರುಗಿಸಿದಳು. ತೇಸಿಕ್ ಅವಳನ್ನು ನೋಡಲಿಲ್ಲ. ಹುಡುಗನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಗದದ ಕರವಸ್ತ್ರದಿಂದ ತುಟಿ ಒರೆಸಿದ. ಗ್ಯೂಮಿನ್ ಬಿಕ್ಕುತ್ತ, ಈ ಪುಟ ಇನ್ನೂ ಮುಗಿದಿಲ್ಲ, ಅಮ್ಮನಿಗೆ ಹೇಳಬೇಡಿ ಎಂದ. ಹೇಳುವುದಿಲ್ಲ ಎಂದು ತೇಸಿಕ್ ಮಾತು ಕೊಟ್ಟ. ಆಮೇಲೆ ಗುಟ್ಟು ಹೇಳುವವನ ಹಾಗೆ ಹತ್ತಿರ ಬಾಗಿ, ಬಿದ್ದ ಹಲ್ಲನ್ನು ಮನೆಯ ಮಾಡಿನ ಮೇಲೆ ಎಸೆದರೆ ಮ್ಯಾಗ್‌ಪೈ ಹಕ್ಕಿ ಬಂದು ಅದನ್ನೊಯ್ದು ಗಟ್ಟಿ ಹಲ್ಲು ತಂದುಕೊಡುತ್ತದೆ, ನಮ್ಮಜ್ಜಿ ಹಾಗೇ ಮಾಡಿಸಿದ್ದು, ನೋಡು ಎಂದು ತನ್ನ ಹಲ್ಲು ತೋರಿಸಿದ. ಹುಡುಗನ ಅಳು ಅಲ್ಲೇ ನಿಂತಿತು.

“ನಮ್ಮನೆಗೆ ಮಾಡೇ ಇಲ್ಲ,” ಎಂದ ಗ್ಯೂಮಿನ್. “ಮೇಲೆ ಇನ್ನೊಬ್ರ ಮನೆ ಇದೆ.”

ಅದೂ ನಿಜವೇ. ತೇಸಿಕ್ ಕಿಟಕಿ ತೆಗೆದು ನೋಡಿದ. ಹೊರಗೆ ಗೋಡೆಗೆ ಅಂಟಿಕೊಂಡು ಎ.ಸಿ.ಯ ಪೆಟ್ಟಿಗೆ ಕೂತಿತ್ತು, ಅದರ ನೆತ್ತಿಯ ಮೇಲೆ ಹಕ್ಕಿಗಳು ಬಂದು ಕೂತ ಗುರುತು ಬೇಕಾದಷ್ಟಿತ್ತು. ಇದೇ ಈ ಮನೆಯ ಮಾಡು ಎಂದು ತೀರ್ಮಾನವಾಯಿತು. ಅವನು ಹುಡುಗನನ್ನು ಸೊಂಟದಲ್ಲಿ ಭದ್ರವಾಗಿ ಹಿಡಿದುಕೊಂಡ. ಗ್ಯೂಮಿನ್ ಹಲ್ಲನ್ನು ಪೆಟ್ಟಿಗೆಯ ಮೇಲಿಟ್ಟು, ಹಕ್ಕಿಗೆ ಹೇಳಬೇಕಾದ್ದನ್ನೆಲ್ಲ ಪಿಸುಗುಟ್ಟಿ, ಕಿಂಡಿಬಾಯಿ ತೆರೆದು ನಕ್ಕ.

ಆ ನಗೆಗೆ ಬಾಗಿಲು ತೆರೆದುಕೊಂಡಿತು. ಗ್ಯೂಮಿನ್ ಅಮ್ಮ ನಿಂತಿದ್ದಳು, ಹಿಂದೆ ಮಿರಾನ್. ಗ್ಯೂಮಿನ್ ಅಮ್ಮ ಮಗನ ತುಟಿ ನೋಡಿದಳು, ಹಾಳೆಯ ಮೇಲಿನ ರಕ್ತ ನೋಡಿದಳು, ಒಣಕಣ್ಣಿನ ದಾಯಿನ್‌ಳನ್ನು ನೋಡಿದಳು.

“ಅಳ್ತಿದ್ದದ್ದು... ಗ್ಯೂಮಿನಾ?” ಎಂದಳು.

ಅವನು ಅಳುವುದೇ ಇಲ್ಲ ಎಂದು ಆಕೆಯೇ ಹೇಳಿದಳು, ಯಾರಿಗೆ ಹೇಳಿದಳೋ. ಮಗನ ಗಲ್ಲ ಎತ್ತಿ ಹಲ್ಲಿನ ಜಾಗ ನೋಡಿ, ಯಾವಾಗಿನಿಂದ ಅಲ್ಲಾಡುತ್ತಿತ್ತು ಎಂದು ಕೇಳಿದಳು. ಹಬ್ಬದಿಂದ ಎಂದ ಹುಡುಗ. ಹಬ್ಬ ಕಳೆದು ಎಷ್ಟೋ ವಾರಗಳಾಗಿದ್ದವು. ಆಕೆಯ ಕೂದಲಿನಿಂದ ಒಂದು ಎಳೆ ಜಾರಿ ಹಣೆಗೆ ಬಿತ್ತು, ಆಕೆ ಅದನ್ನು ಸರಿಮಾಡಿಕೊಳ್ಳಲಿಲ್ಲ.

ಆದರೂ ಗ್ಯೂಮಿನ್ ಅಮ್ಮ ಗ್ಯೂಮಿನ್ ಅಮ್ಮನೇ. ಬಾಗಿಲವರೆಗೆ ಬಿಡಲು ಬರುವಷ್ಟರಲ್ಲಿ ಧ್ವನಿ ಮೊದಲಿನ ಮೆತ್ತಗಿನ ಜಾಗಕ್ಕೆ ಬಂದಿತ್ತು. ತೇಸಿಕ್ ಬೂಟು ಹಾಕಿಕೊಳ್ಳಲು ಬಾಗಿದಾಗ ಆಕೆ ಮಿರಾನ್‌ಗೆ ತೀರ್ಪು ಹೇಳಿದಳು.

“ಮಗಳೇ ಅಳ್ತಿದ್ದಾಳೆ ಅಂತ ನಾವೆಲ್ಲ ಅಂದ್ಕೊಂಡ್ವಿ. ಆದ್ರೂ ಅವರು ಹಣ್ಣು ತಿನ್ಕೊಂಡು ಕೂತ್ರು. ಒಳಗೆ ಬಂದ್ಮೇಲೂ ಒಂದ್ಸಲ ಅವಳ ಕಡೆ ತಿರುಗಿ ನೋಡಲಿಲ್ಲ. ಇಂಥ ಅಪ್ಪಂದಿರು ಈಗಿನ ಕಾಲದಲ್ಲಿ ಸಿಗಲ್ಲ, ದಾಯಿನ್ ಅಮ್ಮ. ಬುಧವಾರದಿಂದ ಕಳಿಸಿ.”

ಮಿರಾನ್ ಸೊಂಟ ಬಗ್ಗಿಸಿ ಬಗ್ಗಿಸಿ ನಮಸ್ಕರಿಸಿದಳು. ಲಿಫ್ಟಿನ ಬಾಗಿಲು ಮುಚ್ಚುವವರೆಗೆ ತಡೆದುಕೊಂಡು, ಮುಚ್ಚಿದ್ದೇ ಗಂಡನ ಕುತ್ತಿಗೆಗೆ ಜೋತುಬಿದ್ದಳು. ದಾಯಿನ್ ಕೂಡ ಅಪ್ಪನ ಕೈ ಕುಲುಕಿ, ಕೊನೆಯ ಪ್ರಶ್ನೆ ಕಷ್ಟವಿತ್ತು, ಆದರೂ ಚೆನ್ನಾಗಿ ಮಾಡಿದೆ ಎಂದು ಶಹಬ್ಬಾಸ್‌ಗಿರಿ ಕೊಟ್ಟಳು.

ಕೆಳಗಿಳಿದು ರಸ್ತೆಗೆ ಬಂದರು. ಕೋಚಿಂಗ್‌ಗಳ ಹಳದಿ ವ್ಯಾನುಗಳು ಸಾಲಾಗಿ ನಿಂತು ಮಕ್ಕಳನ್ನು ಇಳಿಸುತ್ತಿದ್ದವು. ದಾಯಿನ್ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮಿರಾನ್ ಗುನ್ಸಾನಿನ ಅಪ್ಪನಿಗೆ ಫೋನ್ ಮಾಡಿ ಸೀಟು ಸಿಕ್ಕಿದ್ದನ್ನು ಹೇಳಿದಳು, ಅವರು ಆ ಕಡೆಯಿಂದ ಕೂಗಿದ್ದು ತೇಸಿಕ್‌ಗೂ ಕೇಳಿಸಿತು. ಫೋನು ಚೀಲಕ್ಕೆ ಹಾಕಿಕೊಂಡ ಮೇಲೆ ಅವಳಿಗೆ ಏನೋ ನೆನಪಾಯಿತು.

“ಅಲ್ಲಾರೀ, ಅದು ದಾಯಿನ್ನೇ ಆಗಿದ್ರೆ? ನನ್ನ ಜೀವ ಹಾರಿಹೋಯ್ತು. ನೀವು ಹಣ್ಣು ಹೇಗೆ ತಿಂದ್ರಿ?”

“ಅದು ಅವಳ ಅಳು ಅಲ್ಲ.”

ಮಿರಾನ್ ನಡಿಗೆ ನಿಧಾನ ಮಾಡಿದಳು. ಬಾಗಿಲು ಮುಚ್ಚಿತ್ತಲ್ಲ ಎಂದಳು. ಹೌದು ಎಂದ. ಒಂದೇ ಸದ್ದಿಗೆ ಗೊತ್ತಾಯಿತೇ ಎಂದಳು. ಅದಕ್ಕೂ ಹೌದೆಂದ. ಅವಳು ಸುತ್ತಮುತ್ತ ಯಾರಾದರೂ ಪರಿಚಯದವರಿದ್ದಾರೆಯೇ ನೋಡಿ ಧ್ವನಿ ತಗ್ಗಿಸಿದಳು.

“ಇದನ್ನ ಯಾರ ಮುಂದೇನೂ ಬಾಯಿ ಬಿಡ್ಬೇಡಿ. ಸೀಟು ಹೋಗತ್ತೆ.”

ಇಬ್ಬರೂ 'ಕಿಸಕ್' ಎಂದು ನಕ್ಕರು. ಸ್ವಲ್ಪ ದೂರ ನಗುತ್ತಲೇ ನಡೆದರು. ಆಮೇಲೆ ಮಿರಾನ್‌ಳ ನಗು ತೆಳುವಾಯಿತು. ತಾನು ಎದ್ದಿದ್ದೆನಲ್ಲ, ತನಗೂ ಅದು ಮಗಳದೇ ಅನ್ನಿಸಿತಲ್ಲ ಎಂಬುದು ಅವಳಿಗೆ ಈಗ ಚುಚ್ಚಿತು. ಸ್ವಂತ ಮಗನ ಅಳು ತಿಳಿಯದ ಗ್ಯೂಮಿನ್ ಅಮ್ಮನನ್ನು ಮನಸ್ಸಿನಲ್ಲೇ ಆಡಿಕೊಂಡದ್ದು ಅರ್ಧದಲ್ಲಿ ನಿಂತುಹೋಯಿತು.

“ಅವಳು ಹೇಗೆ ಅಳ್ತಾಳೆ?” ಎಂದು ಕೇಳಿದಳು.

ವಾರವಿಡೀ ಕೇಳಿದ ಪ್ರಶ್ನೆಗಳಲ್ಲಿ ಇದೊಂದಕ್ಕೆ ತೇಸಿಕ್‌ಗೆ ನಿಜವಾಗಿ ಗೊತ್ತಿಲ್ಲ ಎನ್ನಬೇಕೆನಿಸಿತು.

“ಸದ್ದು ಮಾಡಲ್ಲ ಈಗ,” ಎಂದ. “ವಸಂತದಲ್ಲಿ ಆ ಪರೀಕ್ಷೆ ಆಯ್ತಲ್ಲ, ಆವಾಗಿಂದ. ಬಾಯಿ ಮುಚ್ಕೊಂಡು ಗೋಡೆ ಕಡೆ ತಿರುಗ್ತಾಳೆ. ಕಿವಿ ಕೆಂಪಾಗತ್ತೆ. ಅಷ್ಟೇ.”

ಮಿರಾನ್ ಮುಂದೆ ನೋಡಿದಳು. ಮಗಳು ಬೆನ್ನು ಮಾಡಿ ನಡೆಯುತ್ತಿದ್ದಳು, ಟೋಪಿಯ ಕೆಳಗೆ ಅವಳ ಎರಡೂ ಕಿವಿ ಕೆಂಪಗಿದ್ದವು. ಆ ಗಾಳಿಗೆ ರಸ್ತೆಯಲ್ಲಿ ಓಡಾಡುವ ಎಲ್ಲರ ಕಿವಿಯೂ ಕೆಂಪಗಿತ್ತು. ಮಿರಾನ್ ಗಂಡನ ತೋಳು ಬಿಟ್ಟು ಬಿರಬಿರನೆ ನಡೆದಳು, ಕೊನೆಯ ಹೆಜ್ಜೆಗಳನ್ನು ಓಡಿಯೇಬಿಟ್ಟಳು. ಮಗಳನ್ನು ದಾಟಿ ಅವಳ ಮುಂದೆ ಮಂಡಿಯೂರಿ ಕೂತು, ಭುಜ ಹಿಡಿದು, ಮುಖವನ್ನೇ ನೋಡಿದಳು. ಕಣ್ಣು ಒದ್ದೆಯಾಗಿವೆಯೇ, ತುಟಿ ನಡುಗುತ್ತಿದೆಯೇ ಎಂದು ಹುಡುಕಿದಳು. ಮೂಗು ಮಾತ್ರ ಸುರಿಯುತ್ತಿತ್ತು. ಉಳಿದದ್ದನ್ನು ಓದಲು ಅವಳಿಗೆ ಬರಲಿಲ್ಲ.

ಅಮ್ಮ ಇಷ್ಟು ಹತ್ತಿರ ಬಂದು ಹೀಗೆ ಮುಖ ನೋಡಿದ್ದೇ ದಾಯಿನ್ ಬೆನ್ನು ನೆಟ್ಟಗೆ ಮಾಡಿದಳು. ಎರಡೂ ಕೈ ಪಕ್ಕಕ್ಕೆ ಜೋಡಿಸಿದಳು. ಉಸಿರು ಒಮ್ಮೆ ಹೊರಗೆ ಬಿಟ್ಟಳು.

“ಪ್ರಶ್ನೆ ಏನಮ್ಮಾ?” ಎಂದಳು.

ಮಿರಾನ್‌ಳ ಬಳಿ ಯಾವ ಪ್ರಶ್ನೆಯೂ ಇರಲಿಲ್ಲ. ಅವಳು ಮಗಳ ಮೂಗನ್ನು ತನ್ನ ಹೊಸ ಕೋಟಿನ ತೋಳಿನಿಂದಲೇ ಒರೆಸಿ, ಅಲ್ಲೇ ಮಂಡಿಯೂರಿಕೊಂಡೇ ಇದ್ದಳು.